ಬಿ.ಜಿ. ಕೆರೆಯ ಜಿಪ್ಸಿ

ಬೆಂಗಳೂರಿನಿಂದ ಹೊರಟ ಬಸ್ಸು ಹಿರಿಯೂರಿನಲ್ಲಿ ಪುಣೆಯ ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ಹೊರಳಿತೆಂದರೆ ಪ್ರಯಾಣಿಕನು ಬೇರೆಯೇ ಒಂದು ಸೀಮೆಯನ್ನು ಹೊಕ್ಕಂತಾಗುತ್ತದೆ. ವಾಣಿವಿಲಾಸ ಸಾಗರದ ನೀರುಂಡ ತೆಂಗಿನ ತೋಟಗಳು ಹಿಂದೆ ಸರಿಯುತ್ತವೆ. ಕೆಂಪು ನೆಲ, ಕರಿಯ ಬಂಡೆ, ನಡುನಡುವೆ ಬಳ್ಳಾರಿ ಜಾಲಿಯ ಪೊದೆ, ದೂರದಲ್ಲಿ ಮಂದೆಯ ಹಿಂದೆ ಕಂಬಳಿಯನ್ನು ಹೆಗಲಿಗೇರಿಸಿ ನಡೆಯುವ ಕುರಿಗಾಹಿ. ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸಿನಲ್ಲಿಯೇ ನಿಂತುಬಿಡುವ ಸೀಮೆಯಿದು. ಊರುಗಳ ಹೆಸರಿಗೇನೋ ನೀರಿನ ಬಡತನವಿಲ್ಲ. ಚಳ್ಳಕೆರೆಯಲ್ಲಿ ಕೆರೆಯಿದೆ, ಬಿ.ಜಿ. ಕೆರೆಯಲ್ಲಿ ಕೆರೆಯಿದೆ. ಹೆಸರಿಟ್ಟ ಹಿರಿಯರು ತಮ್ಮ ಆಸೆಯನ್ನೇ ಊರಿಗೆ ಅಂಟಿಸಿ ಹೋದರೇನೋ ಎನಿಸುತ್ತದೆ.

ಚಳ್ಳಕೆರೆಯನ್ನು ಸುತ್ತಲಿನವರು ಎಣ್ಣೆಯ ಊರೆಂದು ಕರೆಯುವುದುಂಟು. ಶೇಂಗಾ ಬಿತ್ತುವ ರೈತ, ಅದನ್ನು ಗಾಣಕ್ಕೆ ಹಾಕುವ ವರ್ತಕ, ಕಂಬಳಿ ನೇಯುವ ಮಗ್ಗ, ಕುರಿ ಮಾರುವ ಸಂತೆ, ಇವು ಆ ಪೇಟೆಯ ಜೀವಾಳ. ಅಲ್ಲಿಂದ ಬಳ್ಳಾರಿಯ ದಾರಿ ಹಿಡಿದರೆ ತಳುಕು ಸಿಗುತ್ತದೆ. ಕನ್ನಡ ಓದುವ ಮನೆಗಳಿಗೆ ಈ ಊರು ಅಪರಿಚಿತವಲ್ಲ. ತ.ರಾ.ಸು. ಎಂಬ ಹೆಸರಿನ ಮೊದಲ ಅಕ್ಷರದಲ್ಲಿಯೂ, ಟಿ.ಎಸ್. ವೆಂಕಣ್ಣಯ್ಯನವರ ಹೆಸರಿನ ಮೊದಲ ಅಕ್ಷರದಲ್ಲಿಯೂ ಕುಳಿತಿರುವ ಊರದು. ತಳುಕನ್ನು ದಾಟಿ, ಮೊಳಕಾಲ್ಮುರು ತಾಲ್ಲೂಕಿಗೆ ಕಾಲಿಟ್ಟ ಮೇಲೆ ನಮ್ಮ ಬಿ.ಜಿ. ಕೆರೆ. ಇದೇ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಅದನ್ನು ಪತ್ತೆಮಾಡಿದಂದಿನಿಂದ ವಿದ್ವಾಂಸರು ಬರುತ್ತಲೇ ಇದ್ದಾರೆ. ರೇಷ್ಮೆ ಸೀರೆ ಕೊಳ್ಳುವವರು ಮೊಳಕಾಲ್ಮುರಿಗೆ ಹೋಗುತ್ತಾರೆ. ಬಿ.ಜಿ. ಕೆರೆಯಲ್ಲಿ ಇಳಿಯುವವರು ಮಾತ್ರ ಸಾಮಾನ್ಯವಾಗಿ ಅಲ್ಲಿನ ನೆಂಟರೇ. ನಾನೂ ಅಂಥವನೇ; ನನ್ನಾಕೆಯ ತವರು ಆ ಊರಿನ ಹೊರವಲಯದ ಒಂದು ಹೊಲದ ಮನೆ.

2024ರ ಫೆಬ್ರವರಿಯಲ್ಲಿ ನಾವಿಬ್ಬರೂ ಅಲ್ಲಿಗೆ ಹೊರಟದ್ದು ಜಾತ್ರೆಗಲ್ಲ, ಮದುವೆಗಲ್ಲ. ಒಂದು ಗಾಡಿಯ ವ್ಯಾಜ್ಯವನ್ನು ತೀರ್ಮಾನಿಸುವುದಕ್ಕೆ.

ಮಾವನವರ ಗಾಡಿ

ನನ್ನ ಮಾವನವರು 1994ರಲ್ಲಿ, ಶೇಂಗಾ ಕೈಹಿಡಿದ ಒಂದು ವರ್ಷ, ಮಾರುತಿ ಜಿಪ್ಸಿಯೊಂದನ್ನು ಕೊಂಡಿದ್ದರು. ಮೇಲೆ ರೆಕ್ಸಿನ್ ಹೊದಿಕೆ, ಮುಂದೆ ಎರಡು ಸೀಟು, ಹಿಂದೆ ಎದುರುಬದುರಾಗಿ ಎರಡು ಉದ್ದನೆಯ ಸೀಟು. ಆ ಗಾಡಿಯಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿಗೆ ಹೋಗದ ನೆಂಟರಿಲ್ಲ. ನನ್ನ ಮದುವೆಯ ದಿಬ್ಬಣದ ಮೊದಲ ಗಾಡಿ ಅದೇ. ಮಳೆಗಾಲದಲ್ಲಿ ಹಳ್ಳದ ಕೆಸರಿನಲ್ಲಿ ಊರಿನ ಟ್ರ್ಯಾಕ್ಟರು ಹೂತುಕೊಂಡಾಗ, ಮಾವನವರು ಗೇರಿನ ಪಕ್ಕದ ಆ ಚಿಕ್ಕ ಲಿವರನ್ನು ಎಳೆದು, ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು, ನಗುತ್ತ ದಾಟಿಹೋಗುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಅವರು ತೀರಿಕೊಂಡ ಮೇಲೆ ಜಿಪ್ಸಿ ಕೊಟ್ಟಿಗೆಯ ಪಕ್ಕದ ಬೇವಿನ ಮರದಡಿ ನಿಂತಿತು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳೊಡನೆ ಈ ಸೀಮೆಯೂ ಬರಪೀಡಿತವೆಂದು ಘೋಷಿತವಾಯಿತು. ಶೇಂಗಾ ಒಣಗಿತು. ಇದ್ದ ಎರಡು ಕೊಳವೆಬಾವಿಗಳಲ್ಲಿ ಒಂದು ಬತ್ತಿತು. ಉಳಿದದ್ದು ಹೊಲದ ಆ ತುದಿಯಲ್ಲಿ, ಕುರಿದೊಡ್ಡಿ ಈ ತುದಿಯಲ್ಲಿ. ನಡುವೆ ಕಲ್ಲು ಕೊರಕಲಿನ ಮುಕ್ಕಾಲು ಕಿಲೋಮೀಟರು. ಎತ್ತುಗಳನ್ನು ಹಿಂದೆಯೇ ಮಾರಿಯಾಗಿತ್ತು. ದಿನಕ್ಕೆ ಎರಡು ಹೊತ್ತು ನೀರು, ಮೇವು ಸಾಗಿಸಬೇಕು. ಬಾಡಿಗೆಯ ಟ್ರ್ಯಾಕ್ಟರು ಕರೆದಾಗ ಬರುತ್ತಿರಲಿಲ್ಲ, ಬಂದಾಗ ಕೊಡಲು ಕಾಸು ಇರುತ್ತಿರಲಿಲ್ಲ.

ಹೀಗಿರುವಾಗ ನನ್ನ ಭಾವಮೈದ ಒಂದು ಯೋಚನೆ ಹೂಡಿದ. ಜಿಪ್ಸಿಯ ಹಿಂಭಾಗವನ್ನು ಕತ್ತರಿಸಿ ಪಿಕಪ್ ಮಾಡಿಸುವುದು. ಹೊಲದಲ್ಲಿ ನೀರು ಹೊರುವುದು, ವಾರಕ್ಕೊಮ್ಮೆ ಕುರಿ ತುಂಬಿಕೊಂಡು ಚಳ್ಳಕೆರೆಗೆ ಹೋಗುವುದು, ಬಿಡುವಿದ್ದಾಗ ಊರವರ ಟೊಮೇಟೊ ಸಾಗಿಸಿ ನಾಲ್ಕು ಕಾಸು ಮಾಡುವುದು. ಅತ್ತೆಯವರು ಒಂದೇ ಮಾತಿನಲ್ಲಿ ಬೇಡವೆಂದರು. ಅಂದಿನಿಂದ ತಾಯಿಮಕ್ಕಳಲ್ಲಿ ಮಾತು ಕಡಿಮೆಯಾಯಿತು.

ನಾವು ಹೋಗಿ ಕಾಲು ತೊಳೆಯುತ್ತಿದ್ದಂತೆಯೇ ಅತ್ತೆಯವರು ನನ್ನತ್ತ ತಿರುಗಿದರು: “ನೀವೇ ಹೇಳ್ರಿ ಅಳಿಯಂದಿರೇ, ಅವರು ಕುಂತು ಓಡಿಸಿದ ಗಾಡೀನ ಕೊಯ್ಯೋದು ಅಂದ್ರೆ ನನ್ನ ಜೀವ ಒಪ್ಪುತ್ತಾ?”

ಭಾವಮೈದ ತಲೆ ತಗ್ಗಿಸಿಯೇ ಹೇಳಿದ: “ಮರದಡಿ ತುಕ್ಕು ಹಿಡಿದ್ರೆ ಅಪ್ಪ ವಾಪಸ್ ಬರ್ತಾರಾ ಭಾವ? ಕುರಿ ನೀರಿಲ್ಲದೆ ಸತ್ರೆ ಅವರು ಒಪ್ಪುತಿದ್ರಾ?”

ಇಬ್ಬರದೂ ನಿಜವೇ. ನಾನು ಉತ್ತರ ಕೊಡಲಾರದೆ ಕಾಫಿಯ ಲೋಟವನ್ನೇ ನೋಡುತ್ತ ಕುಳಿತೆ.

ಆ ರಾತ್ರಿ ನನಗೊಂದು ಹಳೆಯ ಕಥೆ ನೆನಪಾಯಿತು. 1930ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದ ರೈತನ ಹೆಂಡತಿಯೊಬ್ಬಳು ಫೋರ್ಡ್ ಕಂಪನಿಗೆ ಪತ್ರ ಬರೆದಳಂತೆ: ಭಾನುವಾರ ನಾವು ಚರ್ಚಿಗೆ ಹೋಗಬೇಕು, ಸೋಮವಾರ ನಮ್ಮ ಹಂದಿಗಳು ಸಂತೆಗೆ ಹೋಗಬೇಕು, ಎರಡಕ್ಕೂ ಆಗುವ ಒಂದೇ ಗಾಡಿ ಮಾಡಿಕೊಡಿ ಎಂದು. ಲ್ಯೂ ಬ್ಯಾಂಟ್ ಎಂಬ ತರುಣ ವಿನ್ಯಾಸಕಾರ ಮುಂದೆ ಕಾರು, ಹಿಂದೆ ತೊಟ್ಟಿಯಿರುವ ಗಾಡಿಯನ್ನು ರೂಪಿಸಿದ. 1934ರಲ್ಲಿ ಅದು ತಯಾರಾಯಿತು. ಆ ಬಗೆಯ ಗಾಡಿಗೆ ಅಲ್ಲಿಯವರು ‘ಯೂಟ್’ ಎನ್ನುತ್ತಾರೆ. ಬಿ.ಜಿ. ಕೆರೆಯ ಹೊಲದ ಮನೆಯಲ್ಲಿ ಎದ್ದದ್ದೂ ಅದೇ ಪ್ರಶ್ನೆ. ವ್ಯತ್ಯಾಸವಿಷ್ಟೆ: ಅವಳು ಹೊಸ ಗಾಡಿಯನ್ನು ಕೇಳಿದಳು, ಇಲ್ಲಿ ಇದ್ದದ್ದು ಮೂವತ್ತು ವರ್ಷದ ಹಳೆಯ ಗಾಡಿ, ಅದರ ಮೇಲೆ ಒಬ್ಬ ಹಿರಿಯನ ನೆನಪು.

ನೊಗ ಮೇಲೇಳುವ ಲೆಕ್ಕ

ಮರುದಿನ ಭಾವಮೈದ ನನ್ನನ್ನು ಹೆದ್ದಾರಿಯ ಬದಿಯ ಒಂದು ಶೆಡ್ಡಿಗೆ ಕರೆದೊಯ್ದ. ಟ್ರ್ಯಾಕ್ಟರಿನ ಟ್ರೈಲರುಗಳಿಗೆ ಬಾಡಿ ಕಟ್ಟುವ ಹಿರಿಯ ಮೇಸ್ತ್ರಿಯೊಬ್ಬರು ಅಲ್ಲಿದ್ದರು. ಎಪ್ಪತ್ತರ ವಯಸ್ಸು, ಬೆಸುಗೆಯ ಕಿಡಿ ತಾಗಿ ಚುಕ್ಕೆಚುಕ್ಕೆಯಾದ ಮುಂಗೈ. ಅವರು ಗಾಡಿಯ ಕೆಳಗೆ ನುಗ್ಗಿ ಅರ್ಧ ಗಂಟೆ ಸುತ್ತಿಗೆಯಿಂದ ಕುಟ್ಟಿ ಕುಟ್ಟಿ ನೋಡಿದರು. ಹೊರಬಂದು, “ಹೊಟ್ಟೆ ಗಟ್ಟಿ ಐತೆ, ಬೆನ್ನು ಗಟ್ಟಿ ಐತೆ. ಚರ್ಮ ಹೋಗೈತೆ ಅಷ್ಟೆ” ಎಂದರು. ಬೆನ್ನೆಂದರೆ ಛಾಸಿ, ಚರ್ಮವೆಂದರೆ ಮೇಲಿನ ತಗಡು.

ಈ ಮಾತಿನಲ್ಲಿಯೇ ಇಡೀ ವಿದ್ಯೆಯ ತಿರುಳಿದೆ. ಈಗಿನ ಬಹುಪಾಲು ಕಾರುಗಳಲ್ಲಿ ತಗಡಿನ ಮೈಯೇ ಗಾಡಿಯ ಎಲುಬು. ಹಿಂಭಾಗವನ್ನು ಕತ್ತರಿಸಿದರೆ ಗಾಡಿ ಕುಸಿಯುತ್ತದೆ. ಜಿಪ್ಸಿ ಹಾಗಲ್ಲ. ಏಣಿಯಂತೆ ಜೋಡಿಸಿದ ಉಕ್ಕಿನ ಛಾಸಿ ಬೇರೆ, ಅದರ ಮೇಲೆ ರಬ್ಬರಿಟ್ಟು ಬೋಲ್ಟು ಹಾಕಿ ಕೂರಿಸಿದ ಬಾಡಿ ಬೇರೆ. ನಾಲ್ಕು ಚಕ್ರಕ್ಕೂ ಪಟ್ಟಿಯ ಸ್ಪ್ರಿಂಗುಗಳು. ನಮ್ಮ ದೇಶದಲ್ಲಿ ಅದು 1985ರಲ್ಲಿ ಬಂದಿತು, 970 ಸಿ.ಸಿ.ಯ ಪುಟ್ಟ ಎಂಜಿನ್ನು. ಜಪಾನಿನ ಸುಜುಕಿ ಕಂಪನಿಯ ಎಸ್.ಜೆ. 410 ಎಂಬ ಗಾಡಿಯ ಉದ್ದನೆಯ ರೂಪವೇ ಅದರ ಮೂಲ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 2375 ಮಿಲಿಮೀಟರ್ ಅಂತರ. ಓದುಗರಿಗೆ ಸ್ವಾರಸ್ಯವೆನಿಸಬಹುದಾದ ಸಂಗತಿಯೆಂದರೆ, ಇದೇ ಅಂತರದ ಛಾಸಿಯ ಮೇಲೆ ಸುಜುಕಿ ಕಂಪನಿಯೇ ಪಿಕಪ್ ಕಟ್ಟಿ ಹೊರದೇಶಗಳಲ್ಲಿ ಮಾರಿತ್ತು. ಎಂದರೆ ಭಾವಮೈದನ ಯೋಚನೆ ಹುಚ್ಚಿನದೇನಲ್ಲ. ನಮ್ಮ ಜಿಪ್ಸಿಯ ಒಡಹುಟ್ಟಿದವು ಪರದೇಶದಲ್ಲಿ ಹುಟ್ಟಿನಿಂದಲೇ ಹೊರೆ ಹೊತ್ತವು.

“ಹಾಗಾದರೆ ಛಾಸಿಯನ್ನು ಒಂದೂವರೆ ಅಡಿ ಹಿಂದಕ್ಕೆ ಬೆಳೆಸಿ, ದೊಡ್ಡ ತೊಟ್ಟಿ ಕಟ್ಟಿಬಿಡಿ” ಎಂದ ಭಾವಮೈದ.

ಮೇಸ್ತ್ರಿಗಳು ನಕ್ಕರು. “ಎತ್ತಿನಗಾಡಿ ಹೊಡೆದಿದ್ದೀಯಾ ಮಗ? ಹಿಂದ್ಲಾಗಿ ಹೇರಿದ್ರೆ ಏನಾಗುತ್ತೆ?”

“ಮೂಕಿ ಮೇಲಕ್ಕೇಳುತ್ತೆ.”

“ನೊಗ ಎತ್ತಿನ ಕೊಳ್ಳು ಹಿಡಿದು ಮೇಲಕ್ಕೆಳಿತದೆ. ಇಲ್ಲೂ ಅಷ್ಟೇ. ಹಿಂದಿನ ಗಾಲಿಯಿಂದಾಚೆ ಭಾರ ಬಿದ್ರೆ ಮುಂದಿನ ಗಾಲಿ ಹಗುರ ಆಗ್ತವೆ. ನೀನು ಸ್ಟೇರಿಂಗ್ ತಿರುಗಿಸ್ತೀಯ, ಗಾಡಿ ತಿರುಗಲ್ಲ.”

ಪಕ್ಕದ ಹಳ್ಳಿಯವರೊಬ್ಬರು ಹಾಗೆಯೇ ತಮ್ಮ ಜೀಪನ್ನು ಎಲ್ಲಿಯೋ ಉದ್ದ ಮಾಡಿಸಿ, ಶೇಂಗಾ ಹೊಟ್ಟನ್ನು ಎತ್ತರಕ್ಕೆ ಹೇರಿಕೊಂಡು ಹೋಗುವಾಗ ತಿರುವಿನಲ್ಲಿ ಮಗುಚಿಕೊಂಡಿದ್ದರು. ಕಾಲಿನ ಮೂಳೆ ಮುರಿಯಿತು. ಗಾಡಿಯ ಆಕಾರ ದಾಖಲೆಯಲ್ಲಿದ್ದಂತಿಲ್ಲವೆಂದು ವಿಮೆಯ ಹಣವೂ ಬರಲಿಲ್ಲ. ಆ ಮುರಿದ ಜೀಪು ಅದೇ ಶೆಡ್ಡಿನ ಹಿಂದೆ ಬಿದ್ದಿತ್ತು. ಮೇಸ್ತ್ರಿಗಳು ಬಾಯಲ್ಲಿ ಏನೂ ಹೇಳದೆ ಅದರ ಬೆಸುಗೆಯ ಗುರುತಿನ ಮೇಲೆ ಬೆರಳಿಟ್ಟು ತೋರಿಸಿದರು. ಬೆಸುಗೆ ಬಿಟ್ಟಿರಲಿಲ್ಲ, ಅದರ ಪಕ್ಕದ, ಕಾದು ಬಿರುಸಾದ ಉಕ್ಕು ಸೀಳಿತ್ತು.

ಅನಂತರ ಅವರು ಸೀಮೆಸುಣ್ಣ ಹಿಡಿದು ತಗಡಿನ ಮೇಲೆ ಲೆಕ್ಕ ಬರೆದರು. ಗಾಡಿಯಲ್ಲಿ ಎಂಟು ಜನ ಕೂರುತ್ತಿದ್ದರು. ಒಬ್ಬೊಬ್ಬರಿಗೆ 65 ಕಿಲೋ ಹಿಡಿದರೆ 520 ಕಿಲೋ. ಓಡಿಸುವವನೊಬ್ಬ, ಆಳೊಬ್ಬ, ಅವರ 130 ಕಳೆದರೆ ಉಳಿದದ್ದು 390. ಇನ್ನೂರು ಲೀಟರಿನ ಒಂದು ಡ್ರಮ್ಮು ನೀರೆಂದರೆ ಡ್ರಮ್ಮಿನ ತೂಕವೂ ಸೇರಿ ಸುಮಾರು 220 ಕಿಲೋ. ಆದ್ದರಿಂದ ಒಂದು ಡ್ರಮ್ಮು, ಮಿಕ್ಕದ್ದಕ್ಕೆ ಮೇವು. ಎರಡು ಡ್ರಮ್ಮು ಕೂಡದು.

“ಸ್ಪ್ರಿಂಗಿಗೆ ಎರಡು ಪಟ್ಟಿ ಸೇರಿಸಿದರೆ?” ಎಂದು ಕೇಳಿದೆ.

“ಸ್ಪ್ರಿಂಗು ಹೊರುತ್ತೆ ಸ್ವಾಮಿ. ಆಕ್ಸಲ್ಲು ಹೊರಬೇಕಲ್ಲ? ಬ್ರೇಕು ಹಿಡೀಬೇಕಲ್ಲ? ಹೆಗಲು ಗಟ್ಟಿ ಮಾಡಿ ಮೊಣಕಾಲು ಮರೆತಂಗೆ ಅದು.”

ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು. ಅರ್ಧ ತುಂಬಿದ ಡ್ರಮ್ಮು ತುಂಬಿದ್ದಕ್ಕಿಂತ ಕೆಟ್ಟದ್ದು. ತಿರುವಿನಲ್ಲಿ ನೀರು ಒಂದೇ ಕಡೆಗೆ ನುಗ್ಗಿ ಗಾಡಿಯನ್ನು ನೂಕುತ್ತದೆ. ಡ್ರಮ್ಮು ತುಂಬಿರಬೇಕು, ಕಟ್ಟಿರಬೇಕು, ಸೀಟಿನ ಬೆನ್ನಿಗೇ ಇರಬೇಕು, ಹಿಂದಿನ ಗಾಲಿಯಿಂದ ಮುಂದೆ.

ರಸ್ತೆಯೋ ಹೊಲವೋ

ಯಂತ್ರದ ಲೆಕ್ಕ ಮುಗಿಯಿತು. ಕಾನೂನಿನ ಲೆಕ್ಕ ಉಳಿಯಿತು. ಮೇಸ್ತ್ರಿಗಳು, “ಚಿತ್ರದುರ್ಗಕ್ಕೆ ಹೋಗಿ ಆರ್.ಟಿ.ಓ. ಆಫೀಸಿನಾಗೆ ಕೇಳಿಕೊಂಡು ಬರ್ರಿ, ಆಮೇಲೆ ಗ್ರೈಂಡರ್ ಮುಟ್ತೀನಿ” ಎಂದುಬಿಟ್ಟರು.

ಹೋಗಿ ಕೇಳಿದಾಗ ತಿಳಿದದ್ದಿಷ್ಟು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಮೇರೆಗೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಟಿಗೂ ಮಾಲೀಕನಿಗೆ 5000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಜನ ಕೂರುವ ಸ್ವಂತದ ಗಾಡಿಯನ್ನು ಸರಕಿನ ಗಾಡಿಯಾಗಿಸಿ ಬಾಡಿಗೆಗೆ ಓಡಿಸುತ್ತೇನೆಂದರೆ ನೋಂದಣಿಯ ವರ್ಗ ಬೇರೆ, ತೆರಿಗೆ ಬೇರೆ, ಅರ್ಹತಾ ಪತ್ರ ಬೇರೆ. ಹಳ್ಳಿಯ ಶೆಡ್ಡಿನಲ್ಲಿ ಕತ್ತರಿಸಿ ಬೆಸೆದ ಗಾಡಿಗೆ ಅವು ದೊರೆಯುವುದು ದೂರದ ಮಾತು.

ಭಾವಮೈದನ ಮುಖ ಬಾಡಿತು. ಟೊಮೇಟೊ ಬಾಡಿಗೆಯ ಕನಸು ಅಲ್ಲಿಗೆ ಮುಗಿಯಿತು. ಹಿಂತಿರುಗುವ ಬಸ್ಸಿನಲ್ಲಿ ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಿದ್ದವನು ಚಳ್ಳಕೆರೆಯ ಹತ್ತಿರ, “ಭಾವ, ನಮಗೆ ಬೇಕಾಗಿರೋದು ರಸ್ತೆನಾ, ಹೊಲಾನಾ?” ಎಂದ.

ಆ ಪ್ರಶ್ನೆಯಲ್ಲಿಯೇ ಉತ್ತರವಿತ್ತು. 1994ರಲ್ಲಿ ನೋಂದಣಿಯಾದ ಗಾಡಿಗೆ ಮೊದಲ ಹದಿನೈದು ವರ್ಷ ಮುಗಿದು, ಐದೈದು ವರ್ಷದ ನವೀಕರಣಗಳೂ ಮುಗಿಯುತ್ತ ಬಂದಿದ್ದವು. ಆ ವರ್ಷವೇ ಮತ್ತೆ ನವೀಕರಿಸಬೇಕಾಗಿತ್ತು. ಆಗ, 2024ರಲ್ಲಿ, ಅದರ ಶುಲ್ಕವೇ 5000 ರೂಪಾಯಿಯಾಗಿತ್ತು, ಜೊತೆಗೆ ತಪಾಸಣೆಗಾಗಿ ಮಾಡಿಸಬೇಕಾದ ದುರಸ್ತಿ. ಅದರ ಬದಲು ನೋಂದಣಿಯನ್ನು ಬಿಟ್ಟುಕೊಟ್ಟು, ಗಾಡಿಯನ್ನು ಸಾರ್ವಜನಿಕ ರಸ್ತೆಯಿಂದ ಶಾಶ್ವತವಾಗಿ ಇಳಿಸಿಬಿಟ್ಟರೆ? ಮನೆ, ಬಾವಿ, ದೊಡ್ಡಿ, ಮೇವಿನ ಬಣವೆ, ನಾಲ್ಕೂ ಒಂದೇ ಬೇಲಿಯೊಳಗಿವೆ. ನಡುವೆ ರಸ್ತೆ ದಾಟಬೇಕಾಗಿಲ್ಲ. ಕುರಿಯನ್ನು ಸಂತೆಗೆ ಒಯ್ಯುವುದಕ್ಕೆ ಬಾಡಿಗೆಯ ಟೆಂಪೊ ಇದ್ದೇ ಇದೆ.

ಅತ್ತೆಯವರಿಗೆ ಇದನ್ನು ಹೇಗೆ ಹೇಳುವುದೆಂದು ನಾವಿಬ್ಬರೂ ತಡವರಿಸುತ್ತಿದ್ದಾಗ ಕೆಲಸವನ್ನು ಸುಲಭಮಾಡಿದವಳು ನನ್ನಾಕೆ. “ಅವ್ವ, ಅಪ್ಪನ ಕಂಬಳಿ ಎಲ್ಲೈತೆ?” ಎಂದು ಕೇಳಿದಳು.

“ಅಟ್ಟದ ಮೇಲೆ. ಯಾಕೆ?”

“ಮಳೆ ಬಂದ್ರೆ ಅದನ್ನೇ ಕೊಪ್ಪೆ ಹಾಕ್ಕೊತಿದ್ರು. ಹೊಲದಾಗೆ ಹಾಸ್ಕೊತಿದ್ರು. ಕುರಿ ಈದ್ರೆ ಮರೀನ ಅದ್ರಾಗೇ ಸುತ್ಕೊಂಡು ಬರ್ತಿದ್ರು. ಒಂದಿನಾನಾದ್ರೂ ಕಂಬಳಿ ಕೆಟ್ಟೋಯ್ತು ಅಂದ್ರಾ?”

ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಎರಡು ಷರತ್ತು ಹಾಕಿದರು. ಮುಂದಿನ ಭಾಗವನ್ನು ಮುಟ್ಟಕೂಡದು. ಹಿಂದಿನ ಸೀಟುಗಳನ್ನು ಗುಜರಿಗೆ ಹಾಕಕೂಡದು.

ಕೊಯ್ದು ಕಟ್ಟಿದ್ದು

ಕಾಗದಪತ್ರದ ಕೆಲಸ ಮುಗಿದು, ಮೇಸ್ತ್ರಿಗಳು ತಮ್ಮ ಸಾಮಾನನ್ನೆಲ್ಲ ಹೊಲಕ್ಕೇ ತಂದು ಆರಂಭಿಸಿದಾಗ ನಾನು ರಜೆ ಹಾಕಿ ಮತ್ತೆ ಹೋದೆ. ಮೊದಲ ದಿನ ಕತ್ತರಿ ಆಡಲೇ ಇಲ್ಲ, ಬರಿಯ ಕಳಚುವ ಕೆಲಸ. ಬ್ಯಾಟರಿಯ ತಂತಿ ಬಿಚ್ಚಿದರು. ಬೆಸುಗೆಯ ವಿದ್ಯುತ್ತು ಹರಿದು ಡೈನಮೊ ಸುಡದಿರಲೆಂದು. ಪೆಟ್ರೋಲ್ ಟ್ಯಾಂಕನ್ನು ಇಳಿಸಿ, ಬರಿದುಮಾಡಿ, ನೂರು ಹೆಜ್ಜೆ ದೂರದಲ್ಲಿ ಇರಿಸಿದರು. ಸೀಟು, ಹೊದಿಕೆ, ಅದರ ಕೊಳವೆಗಳು ಹೊರಬಂದವು.

ಎರಡನೆಯ ದಿನ ಮುಂದಿನ ಸೀಟುಗಳ ಹಿಂದೆ ಸೀಮೆಸುಣ್ಣದ ಗೆರೆ ಎಳೆದು ಗ್ರೈಂಡರು ಹಿಡಿದರು. ಅತ್ತೆಯವರು ಆ ಸದ್ದು ಕೇಳಲಾರದೆ ಶೇಂಗಾ ಬಿಡಿಸುವ ನೆವದಲ್ಲಿ ಒಳಮನೆಗೆ ಹೋದರು. ಕತ್ತರಿಸಿದ ತೆರೆದ ಬಾಯಿಗೆ ಕಬ್ಬಿಣದ ಆಂಗಲ್ಲಿನ ಚೌಕಟ್ಟು, ಅದಕ್ಕೆ ತಗಡಿನ ಹಿಂಗೋಡೆ, ಅದರಲ್ಲೊಂದು ಕಿಟಕಿ. ಈ ಗೋಡೆ ಬರಿಯ ಮರೆಯಲ್ಲ. ಹಿಂಭಾಗವನ್ನು ಕಳೆದುಕೊಂಡ ತಗಡಿನ ಮೈ ಅಲುಗದಂತೆ ಬಿಗಿಹಿಡಿಯುವುದು ಅದೇ.

ತೊಟ್ಟಿಯನ್ನು ಬೇರೆಯಾಗಿ ಕಟ್ಟಿ, ಹಳೆಯ ಬಾಡಿಯ ಬೋಲ್ಟಿನ ತೂತುಗಳಲ್ಲಿಯೇ, ಹೊಸ ರಬ್ಬರಿಟ್ಟು ಕೂರಿಸಿದರು. ಛಾಸಿಗೆ ಒಂದು ಹೊಸ ತೂತು ಕೊರೆಯಲಿಲ್ಲ, ಒಂದು ಚುಕ್ಕೆ ಬೆಸುಗೆ ಹಾಕಲಿಲ್ಲ. ಮುಂದಿನ ಕೋಣೆಗೂ ಹಿಂದಿನ ತೊಟ್ಟಿಗೂ ನಡುವೆ ಎರಡು ಬೆರಳಿನ ಸಂದು ಬಿಟ್ಟರು. ಎರಡನ್ನೂ ಸೇರಿಸಿಬಿಟ್ಟರೆ ಗಟ್ಟಿಯಾಗುವುದಿಲ್ಲವೇ ಎಂದು ನನ್ನ ಪಟ್ಟಣದ ಬುದ್ಧಿ ಕೇಳಿತು. ಕೊರಕಲಿನಲ್ಲಿ ಒಂದು ಗಾಲಿ ಮೇಲೆ, ಒಂದು ಗಾಲಿ ಕೆಳಗೆ ಆದಾಗ ಛಾಸಿ ತಿರುಚಿಕೊಳ್ಳುತ್ತದೆ. ಮೇಲಿನದು ಒಂದೇ ಗಟ್ಟಿಯಾಗಿದ್ದರೆ ಮೂಲೆಯಲ್ಲಿ ತಗಡು ಹರಿಯುತ್ತದೆ ಎಂದು ಮೇಸ್ತ್ರಿಗಳು ವಿವರಿಸಿದರು. “ಮಗ್ಗುಲಾಗಿದ್ರೂ ಮೈಗೆ ಮೈ ತಾಕಬಾರ್ದು” ಎಂದು ನಕ್ಕರು.

ಐದನೆಯ ದಿನದ ಸಂಜೆಗೆ ಗಾಡಿ ನಿಂತಿತು. ಎದುರಿನಿಂದ ನೋಡಿದರೆ ಮಾವನವರ ಜಿಪ್ಸಿ. ಹಿಂದಿನಿಂದ ನೋಡಿದರೆ ಸಂಕೋಲೆಯ ಕೊಂಡಿ ಹಾಕಿದ ಹಿಂಬಾಗಿಲಿನ ಪುಟ್ಟ ಲಾರಿ.

ಮಳೆ ಬಂದ ಮೇಲೆ

2024ರ ಮುಂಗಾರು ಕೈಕೊಡಲಿಲ್ಲ. ದೀಪಾವಳಿಗೆ ನಾವು ಹೋದಾಗ ಹೊಲದ ತುಂಬ ಕಿತ್ತ ಶೇಂಗಾ ಬಳ್ಳಿಯ ಗುಪ್ಪೆಗಳು. ಇಷ್ಟು ಮಳೆಯಾದ ಮೇಲೂ ನೀರು ಹೊರುವ ಕೆಲಸ ತಪ್ಪಿರಲಿಲ್ಲ. ಬತ್ತಿದ ಕೊಳವೆಬಾವಿ ಬತ್ತಿಯೇ ಇತ್ತು. ದಿನಕ್ಕೆ ಎರಡು ಬಾರಿ ಒಂದು ಡ್ರಮ್ಮು ನೀರು ಈ ತುದಿಗೆ ಬರುತ್ತದೆ. ಬರುವ ಮುನ್ನ ಭಾವಮೈದ ಡ್ರಮ್ಮು ತುಂಬಿದೆಯೇ ಎಂದು ಒಮ್ಮೆ, ಹಗ್ಗ ಬಿಗಿದಿದೆಯೇ ಎಂದು ಒಮ್ಮೆ ನೋಡುತ್ತಾನೆ. ಎರಡನೆಯ ಡ್ರಮ್ಮು ಬಾವಿಯ ಬಳಿಯೇ ಇದೆ. ಅವನು ಅದನ್ನು ಗಾಡಿಗೆ ಏರಿಸಿದ್ದಿಲ್ಲ. ಹಿಂದಿನ ಬೇಸಗೆಯಲ್ಲಿ ಕುರಿಗಳಲ್ಲಿ ಒಂದೂ ಸಾಯಲಿಲ್ಲವೆಂದು ಹೇಳುವಾಗ ಅವನ ದನಿ ಸ್ವಲ್ಪ ಎತ್ತರವಾಯಿತು.

ಸಂಜೆ ಅವನು ಹೊರಟಾಗ ಅತ್ತೆಯವರು ಸೆರಗು ಸಿಕ್ಕಿಸಿಕೊಂಡು ಮುಂದಿನ ಎಡಗಡೆಯ ಸೀಟಿಗೆ ಹತ್ತಿ ಕುಳಿತರು. ಮಾವನವರಿದ್ದಾಗಲೂ ಅವರ ಜಾಗ ಅದೇ. “ನಿಧಾನ ಹೋಗು, ನೀರು ಚೆಲ್ಲೀತು” ಎಂದರು. ಬರುವಾಗ ಡ್ರಮ್ಮಿನ ಹಿಂದೆ ಒಂದು ಹೊರೆ ಮೇವು, ಅದರ ಮೇಲೆ ಕಣ್ಣು ಪಿಳಿಪಿಳಿ ಬಿಡುವ ಎರಡು ಮರಿಗಳಿದ್ದವು.

ಕಳಚಿದ ಆ ಎರಡು ಉದ್ದನೆಯ ಸೀಟುಗಳು ಈಗ ಮನೆಯ ಜಗಲಿಯ ಮೇಲೆ, ಗಾಡಿಯಲ್ಲಿದ್ದಂತೆಯೇ ಎದುರುಬದುರಾಗಿವೆ. ನೆಂಟರು ಬಂದರೆ ಅವುಗಳ ಮೇಲೆಯೇ ಕೂರಿಸುತ್ತಾರೆ. ಮುವ್ವತ್ತು ವರ್ಷದ ಹಿಂದೆ ಮದುಮಗನಾಗಿ ನಾನು ಕುಳಿತಿದ್ದ ಸೀಟು ಯಾವುದೆಂದು ಅತ್ತೆಯವರು ನೆನಪಿಟ್ಟಿದ್ದರು. ಅಲ್ಲಿಯೇ ಕೂರಿಸಿ, ಕೈಗೆ ಕಾಫಿಯ ಲೋಟ ಕೊಟ್ಟರು.